ಬೂದಿಯಲ್ಲಿಟ್ಟ ಗೆಡ್ಡೆ

ಗೆಣಸು ಬೇಯುವ ವಾಸನೆ ಬಂದರೆ ನಾನು ಇವತ್ತಿಗೂ ಅಡುಗೆಮನೆಯಲ್ಲಿ ನಿಲ್ಲುವುದಿಲ್ಲ. ಶಿವರಾತ್ರಿಯ ದಿನ ಮಧ್ಯಾಹ್ನ ಕಳೆಯುತ್ತಿದ್ದಂತೆ ನರಸೀಪುರದ ನಮ್ಮ ಬೀದಿಯಲ್ಲಿ ಮನೆಮನೆಯಿಂದಲೂ ಆ ವಾಸನೆ ಹೊರಡುತ್ತದೆ. ಮಣ್ಣು, ಬೆಲ್ಲ, ಆವಿ ಮೂರೂ ಸೇರಿದ ಒಂದು ಸಿಹಿ ವಾಸನೆ. ಉಪವಾಸದ ಹೊಟ್ಟೆಗೆ ಅದಕ್ಕಿಂತ ಆಸೆ ಹುಟ್ಟಿಸುವುದು ಇನ್ನೊಂದಿಲ್ಲ ಎಂದು ನನ್ನ ಗಂಡ ಹೇಳುತ್ತಾರೆ. ಇರಬಹುದು. ಅವರಿಗೆ ನಾನೇ ತೊಳೆದು ಒಲೆಯ ಮೇಲಿಡುತ್ತೇನೆ, ಆದರೆ ಕುಕ್ಕರಿನ ಮುಚ್ಚಳ ಹಾಕಿದ ಕೂಡಲೇ ಹಿತ್ತಿಲಿಗೆ ಹೋಗಿಬಿಡುತ್ತೇನೆ. ಸೀಟಿ ಕೇಳಿ ಒಲೆ ಆರಿಸುವುದು ಅವರ ಕೆಲಸ. ಮೊದಮೊದಲು ಯಾಕೆಂದು ಕೇಳುತ್ತಿದ್ದರು, ಈಗ ಕೇಳುವುದಿಲ್ಲ. ಹೇಳಲು ಹೊರಟರೆ ನಂಜನಗೂಡಿನ ಆ ಮನೆಯನ್ನು ಮತ್ತೆ ತಳಪಾಯದಿಂದ ಕಟ್ಟಬೇಕು, ಕಟ್ಟಿ, ಹೋದವರನ್ನೆಲ್ಲ ಅದರೊಳಗೆ ಕರೆದು ಕೂರಿಸಬೇಕು. ಇವತ್ತು ಆ ಕೆಲಸ ಮಾಡಿಬಿಡೋಣ ಎಂದುಕೊಂಡಿದ್ದೇನೆ. ನಿಮ್ಮ ಮನೆಯಲ್ಲೂ ಇಲ್ಲದವರೊಬ್ಬರು ಇದ್ದೇ ಇರುತ್ತಾರಲ್ಲ, ನಿಮಗೆ ಹೇಳಿದರೆ ಅರ್ಥವಾಗುತ್ತದೆ.

ನಮ್ಮ ಮನೆ ಇದ್ದದ್ದು ನಂಜನಗೂಡು ಮುಗಿದು ಗದ್ದೆ ಶುರುವಾಗುವ ಕಡೆ. ಹೆಂಚಿನ ಮನೆ, ಮುಂದೆ ಜಗಲಿ, ಜಗಲಿಯ ಮುಂದೆ ಅಂಗಳ, ಅಂಗಳದ ಅಂಚಿಗೆ ಗೋಡೆಯುದ್ದಕ್ಕೂ ಒಂದು ಪಾತಿ. ಅಪ್ಪನದು ಪೇಟೆಯಲ್ಲಿ ಬಾಳೆಕಾಯಿ ಮಂಡಿ. ಅವನ ಅಂಗಿಯಲ್ಲಿ ಯಾವಾಗಲೂ ಹಣ್ಣಾಗುತ್ತಿರುವ ರಸಬಾಳೆಯ ವಾಸನೆ ಇರುತ್ತಿತ್ತು, ಹಾಗಾಗಿ ಅವನು ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತಿತ್ತು. ಅವ್ವ ಹೆಮ್ಮಿಗೆಯವಳು, ಹೆಸರು ಸರೋಜ. ಮದುವೆಯಾಗಿ ಬರುವಾಗ ಸೀರೆಗಳ ನಡುವೆ ಒಂದು ಗಂಟಿನಲ್ಲಿ ಡೇರೆ ಹೂವಿನ ಗೆಡ್ಡೆಗಳನ್ನು ಕಟ್ಟಿಕೊಂಡು ಬಂದಿದ್ದಳಂತೆ. ಶಾಲೆಯಲ್ಲಿ ಟೀಚರು ಅದನ್ನು ಡೇಲಿಯಾ ಎನ್ನುತ್ತಿದ್ದರು, ನಮಗೆ ಅದು ಡೇರೆಯೇ. ಸೊಸೆ ಬಂದ ಹೊಸತರಲ್ಲಿ ಅಜ್ಜಿ, ಅಂದರೆ ಅಪ್ಪನ ತಾಯಿ, ಆ ಗಂಟನ್ನು ಬಿಚ್ಚಿ ನೋಡಿ, ತವರಿನವರು ಬಂಗಾರ ಕೊಡುತ್ತಾರೆ ಎಂದು ಕಾದರೆ ಗೆಣಸು ಕೊಟ್ಟು ಕಳಿಸಿದ್ದಾರಲ್ಲ ಎಂದು ಊರೆಲ್ಲ ಆಡಿಕೊಂಡು ನಕ್ಕಿದ್ದಳಂತೆ. ಗೆಡ್ಡೆ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸಬೇಕು. ಸಣ್ಣ ಗೆಣಸಿನಂತೆಯೇ ಉದ್ದ, ತೊಗಟೆಯೂ ಅದೇ ಮಣ್ಣು ಬಣ್ಣ.

ಮುಂಗಾರಿನ ಮೊದಲ ಹದಮಳೆ ಬಿದ್ದ ಮೇಲೆ ಅವ್ವ ಪಾತಿ ಅಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ, ಗೆಡ್ಡೆಯ ಕತ್ತಿನಲ್ಲಿರುವ ಕಣ್ಣು ಮೇಲಕ್ಕೆ ಬರುವಂತೆ ಮಲಗಿಸಿ ಮಣ್ಣು ಮುಚ್ಚುತ್ತಿದ್ದಳು. ಡೇರೆಯ ದಂಟು ಒಳಗೆ ಟೊಳ್ಳು, ಗಾಳಿಗೆ ಮುರಿದು ಬೀಳುತ್ತದೆ. ಅದಕ್ಕೆ ಬಿದಿರಿನ ಸೀಳು ಊರಿ, ಅಪ್ಪನ ಮಂಡಿಯಿಂದ ತರಿಸಿದ ಬಾಳೆನಾರಿನಿಂದ ಸಡಿಲವಾಗಿ ಕಟ್ಟುತ್ತಿದ್ದಳು. ಮೊಗ್ಗು ಬಂದಾಗ ತುದಿಯದೊಂದನ್ನು ಉಳಿಸಿ ಪಕ್ಕದವನ್ನೆಲ್ಲ ಚಿವುಟಿಹಾಕುತ್ತಿದ್ದಳು. ನನಗೆ ಅದು ಅನ್ಯಾಯವೆಂದು ತೋರುತ್ತಿತ್ತು. ಆದರೆ ಉಳಿದ ಆ ಒಂದು ಮೊಗ್ಗು ಅರಳಿದಾಗ ಕಾಫಿ ಬಸಿಗಿಂತ ಅಗಲವಾಗಿರುತ್ತಿತ್ತು, ಎಸಳಿನ ಮೇಲೆ ಎಸಳು, ನೋಡಿದಷ್ಟೂ ಒಳಗೆ ಇನ್ನೂ ಎಸಳು. ಅದು ಕೆಂಪು ಹೂವು. ಬೀದಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು. ವಾಸನೆಯಿಲ್ಲ, ದೇವರಿಗೆ ಏರಿಸಲು ಮನಸ್ಸಾಗದು, ಮುಡಿದರೆ ತಲೆಗೇ ಭಾರ, ಇದ್ಯಾತಕ್ಕೆ ಎಂದು ಅಜ್ಜಿ ಗೊಣಗುವಳು. ಅವ್ವ ನಗುವಳು. ಅವ್ವನ ಬಗ್ಗೆ ನನಗೆ ನೆನಪಿರುವುದು ಕಡಿಮೆ. ಉಗುರಿನ ಸಂದಿಯಲ್ಲಿ ನಿಂತ ಮಣ್ಣು, ನೀರು ಹಾಕುವಾಗ ಚೊಂಬಿಗೆ ತಗಲುವ ಬಳೆಯ ಸದ್ದು, ಇಷ್ಟೇ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಮಳೆಗಾಲದ ಕೊನೆಯಲ್ಲಿ ಅವಳಿಗೆ ಜ್ವರ ಬಂತು. ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು, ಅಲ್ಲಿಂದ ತರುವಾಗ ಅವಳು ಇರಲಿಲ್ಲ. ಹೆಮ್ಮರಗಾಲದ ದಾರಿಯಲ್ಲಿದ್ದ ನಮ್ಮ ಹೊಲದಲ್ಲಿ, ನಮ್ಮವರ ಪದ್ಧತಿಯಂತೆ ಕೂರಿಸಿ, ವಿಭೂತಿ ಹಚ್ಚಿ ಮಣ್ಣು ಮಾಡಿದರು. ಅಲ್ಲಿಂದ ಮನೆಗೆ ಬಂದಾಗ ಪಾತಿಯ ತುಂಬ ಹೂವು ಅರಳಿದ್ದವು. ಅಷ್ಟು ಜನ ಅಳುತ್ತ ಒಳಗೆ ಬರುತ್ತಿದ್ದಾಗ ಅವು ಹಾಗೆ ನಿಂತಿದ್ದನ್ನು ನೋಡಿ ನನಗೆ ಸಿಟ್ಟು ಬಂದಿತ್ತು. ಅಜ್ಜಿ ಆ ವರ್ಷ ಒಂದು ಹೂವನ್ನೂ ಕೀಳಗೊಡಲಿಲ್ಲ. ಚಳಿಗಾಲಕ್ಕೆ ಗಿಡ ಒಣಗಿದ ಮೇಲೆ, ಅದುವರೆಗೆ ಆ ಗಿಡಗಳನ್ನು ಬೈದೇ ಗೊತ್ತಿದ್ದ ನನ್ನ ಅಜ್ಜಿ ತಾನೇ ಕೂತು ಗೆಡ್ಡೆಗಳನ್ನು ಅಗೆದು ತೆಗೆದಳು. ಒಲೆಯ ಬೂದಿ ಜರಡಿ ಹಿಡಿದು, ಮಡಕೆಯಲ್ಲಿ ಒಂದು ಪದರ ಬೂದಿ, ಒಂದು ಪದರ ಗೆಡ್ಡೆ ಇಟ್ಟು ಅಟ್ಟದ ಮೇಲೆ ಸೇರಿಸಿದಳು. "ಬೂದೀಲಿ ಮಡಗಿದ್ದು ಕೆಡಾದಿಲ್ಲ ಕಣ್ ಕೂಸೆ. ಮುಂಗಾರ್ಗೆ ನೋಡ್ತಿರು, ಬತ್ತಾಳೆ" ಎಂದಳು.

ಅವಳು ಹೇಳಿದ್ದು ಗಿಡದ ವಿಷಯ ಅಲ್ಲವೆಂದು ನನಗೆ ಗೊತ್ತಿತ್ತು. ಮುಂದಿನ ಮುಂಗಾರಿನಲ್ಲಿ ಮೊದಲ ಮೊಳಕೆ ಮಣ್ಣು ಸೀಳಿ ಮೇಲೆದ್ದ ದಿನ ಅಜ್ಜಿ ಅಂಗಳದಿಂದ ಕೂಗಿ ಕರೆದಳು. "ಬಾ ಕೂಸೆ, ನಿಮ್ಮವ್ವ ಬಂದವ್ಳೆ." ಅಂದಿನಿಂದ ಆ ಪಾತಿ ನಮ್ಮ ಮನೆಯಲ್ಲಿ ಪಾತಿಯಾಗಿ ಉಳಿಯಲಿಲ್ಲ. ಅಜ್ಜಿ ಅಲ್ಲಿ ಕೂತು ಅಕ್ಕಿ ಆರಿಸುತ್ತ ಮನೆಯ ಸಮಾಚಾರವೆಲ್ಲ ಹೇಳುತ್ತಿದ್ದಳು. ನಾನು ಪರೀಕ್ಷೆಯ ಮಾರ್ಕ್ಸು ಹೇಳುತ್ತಿದ್ದೆ. ಅಪ್ಪ ಮಾತ್ರ ಆ ಕಡೆ ತಲೆಯೆತ್ತದೆ, ಗೇಟಿನಿಂದ ಜಗಲಿಯವರೆಗೆ ಇನ್ನೊಂದು ಗೋಡೆಯ ಮಗ್ಗುಲಲ್ಲೇ ನಡೆದು ಬರುತ್ತಿದ್ದ. ಮುಸ್ಸಂಜೆಯಲ್ಲಿ ಕಿಟಕಿಯಿಂದ ನೋಡಿದರೆ ಬಿದಿರಿಗೆ ಕಟ್ಟಿದ ಆ ಎತ್ತರದ ಗಿಡಗಳು ಸೆರಗು ಹೊದ್ದು ಗೋಡೆಗೆ ಒರಗಿ ನಿಂತ ಹೆಂಗಸಿನ ಹಾಗೆ ಕಾಣುತ್ತಿದ್ದವು. ಗಾಳಿಯಿಲ್ಲದಾಗಲೂ ಎಲೆ ಅಲ್ಲಾಡಿದ್ದನ್ನು ನಾನು ನೋಡಿದ್ದೇನೆ. ನೀವು ನಂಬಬೇಕಾಗಿಲ್ಲ. ನನಗೆ ಹೆದರಿಕೆಯಾಗುತ್ತಿರಲಿಲ್ಲ, ಹೆದರಿಕೆಯಾಗುತ್ತಿದ್ದದ್ದು ಚಳಿಗಾಲದಲ್ಲಿ, ಅದು ಖಾಲಿಯಾದಾಗ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಹೊತ್ತಿಗೆ ಸರಿಯಾಗಿ ಹೂವು ಬರುತ್ತಿತ್ತು. ಅವ್ವನ ಫೋಟೋದ ಮುಂದೆ ಬಾಳೆಲೆ, ಎಲೆಯ ಪಕ್ಕದಲ್ಲಿ ಅವಳದೇ ಡೇರೆ. ಅದು ಇಲ್ಲದೆ ಎಡೆ ಇಟ್ಟರೆ ಅವಳು ಬಂದು ಉಣ್ಣುವುದಿಲ್ಲ ಎಂದು ಅಜ್ಜಿ ನಂಬಿದ್ದಳು. ನಾನೂ ನಂಬಿದ್ದೆ.

ಎರಡು ಮೂರು ವರ್ಷ ಕಳೆದ ಮೇಲೆ ಒಂದು ಮಾಘಮಾಸದಲ್ಲಿ ಅಪ್ಪನಿಗೆ ಎರಡನೇ ಮದುವೆಯಾಯಿತು. ಮೂಗೂರಿನ ಹುಡುಗಿ, ಮಾದೇವಿ. ಅವಳನ್ನು ಚಿಕ್ಕವ್ವ ಎಂದು ಕರೆಯಬೇಕೆಂದು ಹೇಳಿಕೊಟ್ಟರು, ಕರೆದೆ. ಮಲತಾಯಿ ಎಂದರೆ ಕಥೆಗಳಲ್ಲಿ ಬರುವಂಥವಳು ಎಂದು ನಾನು ಸಿದ್ಧವಾಗಿದ್ದೆ, ಬಂದವಳು ಪಾತ್ರೆ ಸದ್ದಾದರೂ ಬೆಚ್ಚಿಬೀಳುವ ಹೆಣ್ಣು. ನಮ್ಮ ಕಡೆ ಕೆಲವು ಮನೆಗಳಲ್ಲಿ ಒಂದು ಪದ್ಧತಿಯಿದೆ. ತೀರಿಕೊಂಡವಳ ಜಾಗಕ್ಕೆ ಬರುವವಳ ತಾಳಿಯ ಪಕ್ಕದಲ್ಲಿ, ಮೊದಲಿನವಳ ಹೆಸರಿನಲ್ಲಿ ಒಂದು ಪುಟ್ಟ ಚಿನ್ನದ ಬೊಟ್ಟು ಪೋಣಿಸುತ್ತಾರೆ, ಸವತಿಯಾಗಿ ಕಾಡದೆ ಅಕ್ಕನಾಗಿ ಕಾಯಲಿ ಎಂದು. ಚಿಕ್ಕವ್ವ ಮಾತಾಡುವಾಗ ಆ ಬೊಟ್ಟನ್ನು ಬೆರಳಲ್ಲಿ ಹಿಡಿದುಕೊಂಡೇ ಇರುತ್ತಿದ್ದಳು. ಅವಳು ಬಂದಾಗ ಪಾತಿ ಬರಿದಾಗಿತ್ತು. ಅಲ್ಲಿ ಏನನ್ನೂ ನೆಡಬೇಡ, ಅದು ನಿಮ್ಮ ಅಕ್ಕನ ಜಾಗ ಎಂದಷ್ಟೇ ಅಜ್ಜಿ ಹೇಳಿದ್ದಳು. ಅವಳ ಮುಂದೆ ಅವ್ವನ, ಅವ್ವನ ಹೂವಿನ ವಿಷಯ ಎತ್ತಬೇಡಿ ಎಂದು ಅಪ್ಪ ಮನೆಯಲ್ಲಿ ಎಲ್ಲರ ಬಾಯಿ ಕಟ್ಟಿದ್ದ. ಒಳ್ಳೆಯದಕ್ಕೆಂದೇ ಕಟ್ಟಿದ್ದ. ಅದರಿಂದಲೇ ಎಲ್ಲ ಆಯಿತು.

ಮದುವೆಯಾದ ಬೆನ್ನಿಗೇ ಶಿವರಾತ್ರಿ ಬಂತು. ಹೆಮ್ಮರಗಾಲದ ನೆಂಟರೊಬ್ಬರು ಗೆಣಸು ಕಳಿಸಿದ್ದರು. ಅಜ್ಜಿ ಅದನ್ನು ಕುಕ್ಕೆಯಲ್ಲಿ ತುಂಬಿ ಅಟ್ಟಕ್ಕೆ ಹಾಕಿಸಿದ್ದಳು. ಮಧ್ಯಾಹ್ನ ಗುಡಿಗೆ ಹೊರಡುವಾಗ, "ಅಟ್ಟದ್ ಮ್ಯಾಲೆ ಗೆಣ್ಸು ಮಡಗಿವ್ನಿ, ಬೇಯಿಸ್ಬುಡವ್ವ" ಎಂದು ಹೇಳಿ ಹೋದಳು. ಚಿಕ್ಕವ್ವ ಏಣಿ ಹತ್ತಿದಳು. ಅಟ್ಟದಲ್ಲಿ ಕತ್ತಲು. ಮೂಗೂರಿನ ಅವಳ ಮನೆಯಲ್ಲಿ ಗೆಣಸು ಕೆಡದಿರಲೆಂದು ಮಡಕೆಯಲ್ಲಿ ಬೂದಿಯೊಳಗೇ ಇಡುತ್ತಿದ್ದರಂತೆ. ಕೈಗೆ ಬೂದಿಯ ಮಡಕೆ ಸಿಕ್ಕಿತು, ಒಳಗೆ ಕೈ ಹಾಕಿದರೆ ಗೆಣಸು. ಅವಳು ಮುಂದಿನ ಕುಕ್ಕೆ ಯಾಕಾದರೂ ಹುಡುಕಬೇಕು? ಎಲ್ಲವನ್ನೂ ತಂದು, ತೊಳೆದು, ಕತ್ತು ಕತ್ತರಿಸಿ ಎಸೆದು, ಬೆಲ್ಲ ಹಾಕಿ ಬೇಯಿಸಿದಳು. ನಾನು ಸ್ಕೂಲಿನ ರಜೆಯಲ್ಲಿ ಅವಳ ಪಕ್ಕದಲ್ಲೇ ಕುಂಟೆಬಿಲ್ಲೆಗೆ ಬಿಲ್ಲೆ ತೀಡುತ್ತ ಕೂತಿದ್ದೆ. ನನಗೂ ಗೆಣಸೇ ಕಂಡದ್ದು. ಹಸಿದಿದ್ದೆ, ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಫಲಾಹಾರಕ್ಕೆ ಕೂತ. ನನಗೂ ಬಡಿಸಿದಳು. ಗೆಣಸಿನ ಹಾಗೆ ಅದು ಹಿಟ್ಟಾಗಿ ಕರಗಲಿಲ್ಲ, ಹಲ್ಲಿಗೆ ನೀರು ನೀರಾಗಿ ಸಿಕ್ಕಿತು, ನಾರು ನಾರು, ಸಿಹಿಯ ಹಿಂದೆ ಒಂದು ಸಣ್ಣ ಕಹಿ. ಬೆಲ್ಲ ಹೆಚ್ಚಿದ್ದರಿಂದ ತಿಂದೆ. ಹೊಸ ಹೆಂಡತಿಯ ಮೊದಲ ಹಬ್ಬದ ಅಡುಗೆ ಎಂದು ಅಪ್ಪನೂ ಏನೂ ಹೇಳದೆ ತಿನ್ನುತ್ತಿದ್ದ. ಅಷ್ಟರಲ್ಲಿ ಅಜ್ಜಿ ಗುಡಿಯಿಂದ ಬಂದಳು. ತಟ್ಟೆ ನೋಡಿದಳು, ಒಲೆಯ ಪಕ್ಕದಲ್ಲಿದ್ದ ಮಡಕೆ ನೋಡಿದಳು. ಕೈಯಲ್ಲಿದ್ದ ಬಿಲ್ವಪತ್ರೆ ಕೆಳಗೆ ಬಿತ್ತು. "ಅಯ್ಯಯ್ಯೋ, ನನ್ ಸೊಸೇನೇ ಬೇಯಿಸ್ಬುಟ್ಟಲ್ಲೇ!" ಎಂದು ಕೂಗಿದ ಆ ಕೂಗು ಆ ಮನೆ ಉರುಳಿದ ಮೇಲೂ ನನ್ನ ಕಿವಿಯಲ್ಲಿ ಉಳಿದಿದೆ. ಚಿಕ್ಕವ್ವನಿಗೆ ಏನೂ ಅರ್ಥವಾಗಲಿಲ್ಲ, ಸೌಟು ಹಿಡಿದು ನಿಂತೇ ಇದ್ದಳು. ಅಪ್ಪನ ಬಾಯಲ್ಲಿ ಒಂದು ತುತ್ತು ಇತ್ತು. ಅವನು ಅದನ್ನು ಅಗಿಯಲೂ ಇಲ್ಲ, ಉಗುಳಲೂ ಇಲ್ಲ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಆಮೇಲೆ ನುಂಗಿದ. ಎದ್ದು ಕೈ ತೊಳೆದು ಹೊರಗೆ ಹೋದ. ನಾನು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡೆ. ಅವ್ವ ಈಗ ಇಲ್ಲಿದ್ದಾಳೆ ಎಂದು ಅನ್ನಿಸಿತೇ ಹೊರತು ಅಸಹ್ಯವಾಗಲಿಲ್ಲ. ಸದ್ಯ, ಹೊರಗಿನವರು ಯಾರೂ ತಿನ್ನಲಿಲ್ಲವಲ್ಲ ಎಂದೂ ಅನ್ನಿಸಿತು.

"ನಂಗೊತ್ತಿರ್ನಿಲ್ಲ ಅತ್ತೆ, ಗೆಣ್ಸು ಅನ್ಕಬುಟ್ಟೆ" ಎಂದು ಚಿಕ್ಕವ್ವ ಅಜ್ಜಿಯ ಕಾಲು ಹಿಡಿದಳು. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ಹಿಂದಿನ ಪಡಸಾಲೆಯಲ್ಲಿ ಮೂರು ಕಲ್ಲಿಟ್ಟು ತನಗೆ ಬೇರೆ ಒಲೆ ಹೂಡಿಕೊಂಡಳು. ಒಂದೇ ಸೂರಿನಡಿ ಎರಡು ಹೊಗೆ ಏಳುವುದೆಂದರೆ ಏನೆಂದು ಹಳ್ಳಿ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕವ್ವನ ಕೈಯ ನೀರನ್ನೂ ಮುಟ್ಟುತ್ತಿರಲಿಲ್ಲ. ಊರ ಬಾಯಿಗೆ ಬೀಗವುಂಟೇ? "ಸವತಿ ಗುರ್ತು ಅಳ್ಸಾಕೆ ಬೇಕಂತ್ಲೇ ಮಾಡವ್ಳೆ ಕಣ್ರೀ" ಎಂದು ನಲ್ಲಿಯ ಹತ್ತಿರ ಹೆಂಗಸರು ಅವಳಿಗೆ ಕೇಳುವಂತೆಯೇ ಆಡಿಕೊಂಡರು. ಮಹಾಲಯ ಬಂದು, ಡೇರೆಯಿಲ್ಲದ ಎಡೆ ಇಟ್ಟ ದಿನ ಆ ಮಾತಿಗೆ ಮುದ್ರೆ ಬೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ಅವಳು ಆ ಮನೆಯಲ್ಲಿ ಎಷ್ಟು ವರ್ಷ ಬಾಳಿದರೂ ಸತ್ತವಳನ್ನು ಬೇಯಿಸಿ ಬಡಿಸಿದವಳೇ. ಅವಳು ಒಬ್ಬಳೇ ಇದ್ದಾಗ ಖಾಲಿ ಪಾತಿಯ ಮುಂದೆ ಕೂತು, ಬೊಟ್ಟು ಹಿಡಿದುಕೊಂಡು, ಪಿಸುಮಾತಿನಲ್ಲಿ ಏನೋ ಹೇಳುತ್ತಿದ್ದಳು. ಅವ್ವನ ಕಾಟ ಅವಳಿಗೆ ಹತ್ತಿದೆ ಎಂದು ನನಗನ್ನಿಸಿತು. ಒಳಗೊಳಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಒಂದು ದಿನ ಬೆಳಿಗ್ಗೆ ಅವಳು ನನಗೆ ಜಡೆ ಹಾಕಿ, ಹೊಸ ಲಂಗ ತೊಡಿಸಿ, "ಎಮ್ಮಿಗೇಗೆ ಓಗ್ಬರುಮಾ ಮಂಜು. ನೀನಿದ್ರೆ ನಿಮ್ಮಜ್ಜಿ ಬಾಗ್ಲು ತಗೀತಾರೆ" ಎಂದಳು. ಅಪ್ಪನಿಗೆ ಹೇಳಿದ್ದಳೋ ಇಲ್ಲವೋ ಕಾಣೆ. ನರಸೀಪುರದಲ್ಲಿ ಬಸ್ ಬದಲಿಸಿ ಹೋದೆವು. ಅಪ್ಪನ ಎರಡನೇ ಮದುವೆಯಾದ ಮೇಲೆ ಹೆಮ್ಮಿಗೆಯ ಅಜ್ಜಿ, ಅವ್ವನ ತಾಯಿ, ನಮ್ಮ ಮನೆಯ ಕಡೆ ತಲೆ ಹಾಕಿರಲಿಲ್ಲ. ಬಾಗಿಲು ತೆಗೆದವಳು ನನ್ನನ್ನು ಬಾಚಿ ತಬ್ಬಿಕೊಂಡಳು. ಹಿಂದೆ ನಿಂತವಳನ್ನು ನೋಡಿ ಕೈ ಸಡಿಲಿಸಿದಳು. ಚಿಕ್ಕವ್ವ ಹೊಸಿಲಾಚೆಯೇ ನಿಂತು, ಒಂದನ್ನೂ ಬಚ್ಚಿಡದೆ, ಮಡಕೆ, ಬೂದಿ, ಬೆಲ್ಲ, ಎಲ್ಲವನ್ನೂ ಹೇಳಿದಳು. ನಿಮ್ಮ ಮಗಳ ಹೂವಿನ ಒಂದೇ ಒಂದು ಗೆಡ್ಡೆ ಇದ್ದರೆ ಕೊಡಿ ಎಂದು ಸೆರಗೊಡ್ಡಿದಳು. ಹೆಮ್ಮಿಗೆಯ ಅಜ್ಜಿ ಹತ್ತಿರ ಬಂದು, ಚಿಕ್ಕವ್ವನ ಕುತ್ತಿಗೆಗೆ ಕೈ ಹಾಕಿದಳು. ನಾನು ಹೊಡೆಯುತ್ತಾಳೆ ಎಂದೇ ತಿಳಿದೆ. ಅವಳು ಆ ಪುಟ್ಟ ಚಿನ್ನದ ಬೊಟ್ಟನ್ನು ಅಂಗೈಯಲ್ಲಿಟ್ಟು ನೋಡಿ, "ಇಲ್ಲೇ ಅವ್ಳೆ ಕಣವ್ವ ನನ್ ಮಗ್ಳು" ಎಂದು ಗೋಳೋ ಎಂದು ಅತ್ತಳು.

ಊಟಕ್ಕೆ ಹಾಕಿದಳು. ಹೊರಡುವಾಗ ಮಣೆಯ ಮೇಲೆ ಕೂರಿಸಿ, ಅರಿಸಿನ ಕುಂಕುಮ ಕೊಟ್ಟು, ತವರಿನಿಂದ ಮಗಳನ್ನು ಕಳಿಸುವ ಹಾಗೆಯೇ ಮಡಿಲು ತುಂಬಿದಳು. ಅಕ್ಕಿ, ಬೆಲ್ಲ, ಕೊಬ್ಬರಿ, ಅದರ ಮೇಲೆ ಕಣಜದ ಪಕ್ಕದ ಮರಳಿನಿಂದ ತೆಗೆದ ಡೇರೆ ಗೆಡ್ಡೆಗಳು. "ಗೆಡ್ಡೆ ನೋಡುದ್ರೆ ಬಣ್ಣ ಗೊತ್ತಾಗಾದಿಲ್ಲ ಕಣವ್ವ. ಎಲ್ಲ ಬೆರ್ಕೆ ಆಗೋಗವೆ. ಅವ್ಳದ್ದು ಇದ್ರಲ್ಲಿ ಇದ್ರೂ ಇರ್ಬೋದು, ಅರಳ್ದಾಗ ನೋಡ್ಕ" ಎಂದಳು. ಬಸ್ಸಿನಲ್ಲಿ ಚಿಕ್ಕವ್ವ ಮಡಿಲಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಸ್ವಲ್ಪ ದೂರ ಬಂದ ಮೇಲೆ, ಅಕ್ಕನ ಹೂವು ಯಾವ ಬಣ್ಣ ಇತ್ತು ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ತನ್ನ ಕೈಯಿಂದ ನನ್ನ ಬಾಯಿ ಮುಚ್ಚಿದಳು. "ಬ್ಯಾಡ ಬ್ಯಾಡ, ಏಳ್ಬ್ಯಾಡ. ಗೊತ್ತಾಗ್ಬುಟ್ರೆ ಊವ ಅರಳೋಗಂಟ ನಾ ಬದುಕಿರಾಕಿಲ್ಲ" ಎಂದಳು. ಅವಳ ಅಂಗೈಯಲ್ಲಿ ಅರಿಸಿನ ಘಮ ಘಮ ಅನ್ನುತ್ತಿತ್ತು.

ಆ ಮುಂಗಾರಿನಲ್ಲಿ ಅವಳು ಪಾತಿ ಮಾಡಿದಳು. ಕೆಲವು ಗೆಡ್ಡೆ ಕೊಳೆತವು, ಕೆಲವು ಎದ್ದವು. ಬಿದಿರು ಊರುವುದು, ನಾರು ಕಟ್ಟುವುದು ನನಗೆ ತಿಳಿದಷ್ಟು ನಾನು ಹೇಳಿಕೊಟ್ಟೆ. ಅಜ್ಜಿ ಜಗಲಿಯಲ್ಲಿ ಕೂತು, ಬೇರೆ ಕಡೆ ನೋಡುತ್ತಿದ್ದೇನೆ ಎಂಬಂತೆ ಎಲ್ಲವನ್ನೂ ನೋಡುತ್ತಿದ್ದಳು. ಮೊಗ್ಗು ಬಂದಾಗ ಚಿಕ್ಕವ್ವ ಒಂದನ್ನೂ ಮುಟ್ಟಲಿಲ್ಲ, ಆ ಮನೆಯಲ್ಲಿ ಏನನ್ನಾದರೂ ಕೀಳುವ ಧೈರ್ಯ ಅವಳಿಗೆಲ್ಲಿತ್ತು? ದಿನಗಟ್ಟಲೆ ತಡೆದುಕೊಂಡ ಅಜ್ಜಿ ಕೊನೆಗೊಂದು ಬೆಳಿಗ್ಗೆ ತಡೆಯಲಾರದೆ, "ಅಯ್ಯೋ, ಪಕ್ಕದ್ ಮೊಗ್ಗ ಚಿವುಟವ್ವ! ಎಲ್ಲಾನೂ ಬುಟ್ರೆ ಒಂದೂ ದೊಡ್ದಾಗಾದಿಲ್ಲ" ಎಂದು ಕೂಗಿಬಿಟ್ಟಳು. ಶಿವರಾತ್ರಿಯಿಂದೀಚೆಗೆ ಅವಳು ಚಿಕ್ಕವ್ವನಿಗೆ ಆಡಿದ ಮೊದಲ ಮಾತು ಅದು. ಆಡಿದ ಮೇಲೆ ತನಗೇ ನಾಚಿಕೆಯಾಗಿ ಒಳಗೆ ಎದ್ದು ಹೋದಳು. ಚಿಕ್ಕವ್ವ ಒಂದೊಂದೇ ಮೊಗ್ಗು ಚಿವುಟಿದಳು, ಚಿವುಟಿದ್ದನ್ನು ಎಸೆಯದೆ ಸೆರಗಿನಲ್ಲಿ ಕಟ್ಟಿಕೊಂಡಳು.

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಮೊದಲ ಹೂವು ಅರಳಿತ್ತು. ಚಿಕ್ಕವ್ವ ಕೂಗಲಿಲ್ಲ, ಸುಮ್ಮನೆ ಗಿಡದ ಪಕ್ಕ ನಿಂತಿದ್ದಳು. ನಾವೇ ಒಬ್ಬೊಬ್ಬರಾಗಿ ಹೋದೆವು. ಹೂವು ಹಳದಿ. ಎಲ್ಲೂ ಒಂದು ಕೆಂಪು ಗೆರೆಯಿಲ್ಲದ, ಆಗತಾನೇ ಅರೆದ ಅರಿಸಿನದಂಥ ಹಳದಿ. ಚೆನ್ನಾಗಿಯೂ ಇತ್ತು, ಅದೇ ನನಗೆ ಇನ್ನೂ ಸಂಕಟ. ಚಿಕ್ಕವ್ವ ಹೂವನ್ನು ನೋಡುತ್ತಿರಲಿಲ್ಲ, ನಮ್ಮ ಮುಖ ನೋಡುತ್ತಿದ್ದಳು. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು ನಿಜ, ಆದರೆ ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಬೆಳಕು ಇನ್ನೂ ಇತ್ತು. ಅವಳು ಬಗ್ಗಿ, ಹೂವನ್ನು ಕೈಯಲ್ಲಿ ಹಿಡಿದು, ಎಸಳುಗಳ ಮೇಲೆ ಹೆಬ್ಬೆರಳು ಆಡಿಸಿದಳು. "ಅದೇ ಕಣವ್ವ. ನಮ್ಮ ಸರೋಜಂದೇ" ಎಂದಳು. ಅಪ್ಪನೂ "ಊಂ, ಅದೇ" ಎಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ದೊಡ್ಡವರಿಗೆ ಅದು ಎಷ್ಟು ಸಲೀಸು. ಚಿಕ್ಕವ್ವ ಕೊನೆಗೆ ನನ್ನ ಕಡೆ ತಿರುಗಿದಳು. ಗೋಡೆಯ ಪಕ್ಕದಲ್ಲಿ ಅವ್ವ ಸೆರಗು ಹೊದ್ದು ನಿಂತು ತಾನೂ ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆ ಎಂದು ನನಗೆ ಅನ್ನಿಸಿತು. "ಹೂಂ" ಎಂದೆ. ಚಿಕ್ಕವ್ವ ಅಲ್ಲೇ ಕುಸಿದು ಕೂತು, ತಿಂಗಳುಗಟ್ಟಲೆ ಕಟ್ಟಿಟ್ಟದ್ದನ್ನೆಲ್ಲ ಅತ್ತುಬಿಟ್ಟಳು. ಆ ಹೂವು ಎಡೆಗೆ ಹೋಯಿತು. ಎಡೆ ಎತ್ತಿದ ಮೇಲೆ ಅಜ್ಜಿ ಪಡಸಾಲೆಯ ಒಲೆಗೆ ನೀರು ಸುರಿದು, ಒಳಗೆ ಬಂದು ನಮ್ಮ ಸಾಲಿನಲ್ಲಿ ಕೂತು, "ನಂಗೂ ಒಂದ್ ಎಲೆ ಆಕವ್ವ" ಎಂದಳು.

ಆಮೇಲೆ ಅರಳಿದವೂ ಎಲ್ಲ ಹಳದಿಯೇ. ಮನೆ ಹಗುರವಾಯಿತು. ಅಪ್ಪ ಸಂಜೆ ಜಗಲಿಯಲ್ಲಿ ಪಾತಿಗೆ ಎದುರಾಗಿಯೇ ಕೂತು ಕಾಫಿ ಕುಡಿಯತೊಡಗಿದ. ಆ ಹೂವನ್ನು ನೋಡಿದರೆ ಅವನಿಗೆ ಏನೂ ನೆನಪಾಗುತ್ತಿರಲಿಲ್ಲ, ಅದೇ ಅವನ ಸುಖ. ಚಿಕ್ಕವ್ವ ಗಿಡವನ್ನು ಅಕ್ಕ ಎಂದು ಕರೆಯುತ್ತ, ಮಕ್ಕಳಾಗದ ದುಃಖವನ್ನೂ, ಅತ್ತೆಯ ಮಂಡಿನೋವನ್ನೂ ಅದಕ್ಕೇ ಹೇಳಿಕೊಳ್ಳುತ್ತಿದ್ದಳು. ನಾನೊಬ್ಬಳೇ ಮುಸ್ಸಂಜೆಯಲ್ಲಿ ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ. ಅಲ್ಲಿ ಗಿಡಗಳು ಗಿಡಗಳಾಗಿಯೇ ಇರುತ್ತಿದ್ದವು. ಅವ್ವ ಬಂದು ಗೇಟಿನ ಹೊರಗೆ ನಿಂತಿದ್ದಾಳೆ, ತನ್ನ ಜಾಗದಲ್ಲಿ ಬೇರೆ ಯಾರೋ ಇರುವುದನ್ನು ನೋಡಿ ಒಳಗೆ ಬರಲು ಸಂಕೋಚಪಡುತ್ತಿದ್ದಾಳೆ ಎಂದು ಎಷ್ಟೋ ಸಂಜೆ ಅನ್ನಿಸಿದೆ. ಒಮ್ಮೆ ಎದ್ದು ಹೋಗಿ ಗೇಟು ತೆರೆದಿಟ್ಟು ಬಂದಿದ್ದೆ. ದನ ನುಗ್ಗಿ ಪಾತಿ ತುಳಿದುಹಾಕಿತು, ಬೈಗುಳ ತಿಂದೆ.

ಅಜ್ಜಿ ಹೋದಳು. ಅಪ್ಪ ಮಂಡಿಯಲ್ಲೇ ಎದೆ ಹಿಡಿದುಕೊಂಡು ಹೋದ. ನನ್ನ ಮದುವೆಯಾದ ಮೇಲೆ ರಸ್ತೆ ಅಗಲ ಮಾಡಲು ಅಂಗಳ, ಪಾತಿ, ಜಗಲಿ ಎಲ್ಲ ಹೋಗಿ, ಉಳಿದದ್ದನ್ನು ಯಾರೋ ಕೊಂಡು ಗೋಡೌನ್ ಕಟ್ಟಿದರು. ಈಗ ಬಸ್ಸಿನಲ್ಲಿ ಆ ದಾರಿಯಲ್ಲಿ ಹೋದರೆ ಮನೆ ಎಲ್ಲಿತ್ತು ಎಂದು ಗುರುತು ಹಿಡಿಯಲು ನನಗೇ ಆಗುವುದಿಲ್ಲ. ಚಿಕ್ಕವ್ವ ನನ್ನ ಜೊತೆ ನರಸೀಪುರಕ್ಕೆ ಬಂದಳು. ಬರುವಾಗ ಪೇಂಟಿನ ಖಾಲಿ ಡಬ್ಬದಲ್ಲಿ ಬೂದಿ ತುಂಬಿ ಗೆಡ್ಡೆ ತಂದಳು. ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಪ್ರತಿ ಚಳಿಗಾಲ ಇಸ್ತ್ರಿ ಗಾಡಿಯವನನ್ನು ಕಾಡಿ ಬೇಡಿ ಬೂದಿ ತರುತ್ತಿದ್ದಳು. ಅವಳಿಗೆ ವಯಸ್ಸೇನೂ ಆಗಿರಲಿಲ್ಲ, ಆದರೆ ಹೊಟ್ಟೆಯಲ್ಲಿ ಗೆಡ್ಡೆಯಂಥದ್ದು ಬೆಳೆದಿದೆ ಎಂದು ಡಾಕ್ಟರು ಹೇಳುವ ಹೊತ್ತಿಗೆ ಬಹಳ ತಡವಾಗಿತ್ತು. ಆ ಮಾತು ಕೇಳಿ ಅವಳು ನಕ್ಕಳು. ಯಾಕೆ ನಕ್ಕಳೆಂದು ನನಗೆ ಗೊತ್ತು, ಡಾಕ್ಟರಿಗೆ ಗೊತ್ತಾಗಲಿಲ್ಲ.

ಒಂದು ಮಧ್ಯಾಹ್ನ ಅವಳ ಕಾಲು ಒತ್ತುತ್ತ ಕೂತಿದ್ದೆ. ಕಿಟಕಿಯಾಚೆ ಮಳೆಗೆ ಮೋಡ ಕಟ್ಟಿತ್ತು, ಗೆಡ್ಡೆ ನೆಡುವ ಕಾಲ ಹತ್ತಿರವಾಗಿತ್ತು. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಮಂಜು, ಅಕ್ಕನ ಊವ ನಿಜ್ವಾಗ್ಲೂ ಯಾವ ಬಣ್ಣ ಇತ್ತವ್ವ? ಈಗ್ಲಾರು ಏಳು." ನನ್ನ ಕೈ ನಿಂತಿತು. ಎಂದಿನಿಂದ ಗೊತ್ತಿತ್ತು ಅವಳಿಗೆ? ಮೊದಲ ದಿನದಿಂದಲೇ ಇರಬಹುದು, ನಮ್ಮ ಮೂರು ಮುಖಗಳನ್ನು ಅವಳು ಸುಮ್ಮನೆ ನೋಡಿರಲಿಲ್ಲ. ಕೊನೆಗಾಲದಲ್ಲಿ ಕೇಳುತ್ತಿದ್ದಾಳೆ, ನಿಜವನ್ನೇ ಹೇಳಿಬಿಡೋಣ ಎಂದುಕೊಂಡೆ. ಹೇಳುವ ಮುಂಚೆ ಒಮ್ಮೆ ಆ ಹೂವನ್ನು ನೋಡಿಕೊಳ್ಳೋಣವೆಂದು ಕಣ್ಣು ಮುಚ್ಚಿದೆ. ನಂಜನಗೂಡಿನ ಅಂಗಳ ಬಂತು. ಗೋಡೆ ಬಂತು. ಚೊಂಬು ಹಿಡಿದು ಬಗ್ಗಿದ ಅವ್ವ ಬಂದಳು, ಬಳೆಯ ಸದ್ದೂ ಕೇಳಿತು. ಅವಳ ಮುಂದೆ ಅರಳಿ ನಿಂತಿದ್ದ ಹೂವು ಹಳದಿ. ಮತ್ತೆ ಮತ್ತೆ ನೋಡಿದೆ, ಹಳದಿಯೇ. ಕೆಂಪು ಎಂಬ ಮಾತು ನಾಲಿಗೆಯ ಮೇಲಿತ್ತು, ಕಣ್ಣಿನೊಳಗೆ ಎಲ್ಲೂ ಇರಲಿಲ್ಲ.

"ಹಳದಿನೇ ಚಿಕ್ಕವ್ವ" ಎಂದೆ.

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. "ನೀನೂ ನಿಮ್ಮಜ್ಜಿ ಮೊಮ್ಮಗ್ಳೇ ಬುಡು" ಎಂದು ನಕ್ಕು, ಗೋಡೆಯ ಕಡೆ ಮಗ್ಗುಲಾದಳು. ನಾನು ಸುಳ್ಳು ಹೇಳಲಿಲ್ಲ ಎಂದು ಅವಳಿಗೆ ಹೇಳಬೇಕಿತ್ತು. ಹೇಳಿದ್ದರೂ ನಂಬುತ್ತಿರಲಿಲ್ಲ. ಆ ಮಳೆಗಾಲ ಶುರುವಾಗುವ ಮೊದಲೇ ಅವಳೂ ಹೋದಳು, ಹೆಮ್ಮರಗಾಲದ ದಾರಿಯ ಆ ಹೊಲದಲ್ಲೇ ಅವ್ವನ ಪಕ್ಕಕ್ಕೆ ಕೂರಿಸಿ ಬಂದೆವು. ಈಗ ಮಹಾಲಯಕ್ಕೆ ನಾನು ಎರಡು ಎಲೆ ಹಾಕುತ್ತೇನೆ. ಚಿಕ್ಕವ್ವನ ಎಲೆಯಲ್ಲಿ ಕಾಗೆ ಮೊದಲು ಬಾಯಿ ಹಾಕುತ್ತದೆ. ಇನ್ನೊಂದು ಎಲೆಯ ಮುಂದೆ ನಾನು ಕಾಯುತ್ತ ನಿಂತಿರುತ್ತೇನೆ, ಏನೆಂದು ಕರೆಯಬೇಕೋ ತಿಳಿಯುವುದಿಲ್ಲ. ಅವ್ವ, ನಿನ್ನ ಹೂವನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ. ನಾನೂ ಮರೆತೆ.